ಹತ್ತಕ್ಕೆ ಒಂಬತ್ತು

ದೊಡ್ಡಪ್ಪ ಹೈಸ್ಕೂಲಿನಲ್ಲಿ 35 ವರ್ಷ ಗಣಿತ ಹೇಳಿಕೊಟ್ಟವರು. ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ ಅಂತ ಡಾಕ್ಟರು ಕೇಳಿದರೆ, "ಒಂಬತ್ತು" ಅಂದರು. ಸ್ವಲ್ಪ ಉಸಿರು ತೆಗೆದುಕೊಂಡು, "ಹತ್ತಕ್ಕೆ ಹತ್ತು ನಾನು ಯಾರಿಗೂ ಕೊಟ್ಟವನಲ್ಲ" ಅಂತ ಸೇರಿಸಿದರು. ಡಾಕ್ಟರು ನಕ್ಕರು, ನಾನೂ ನಕ್ಕೆ. ದೊಡ್ಡಪ್ಪ ಮಾತ್ರ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದರು.

ಪ್ರಾಸ್ಟೇಟ್ ಕ್ಯಾನ್ಸರ್. ಬೆನ್ನುಮೂಳೆಗೆ ಹರಡಿತ್ತು. ಅಂಗಾತ ಮಲಗಿದರೆ ನೋವು, ಮಗ್ಗುಲಾದರೆ ಇನ್ನೂ ನೋವು. ಹಾಗಾಗಿ ಮೂರು ವಾರದಿಂದ ಕುರ್ಚಿಯಲ್ಲೇ ಕೂತು, ಮೇಜಿನ ಮೇಲೆ ದಿಂಬು ಪೇರಿಸಿಕೊಂಡು, ಅದರ ಮೇಲೆ ತಲೆಯಿಟ್ಟು ರಾತ್ರಿ ಕಳೆಯುತ್ತಿದ್ದರು. ಅದನ್ನ ನಿದ್ದೆ ಅನ್ನೋಕಾಗಲ್ಲ. ದೊಡ್ಡಮ್ಮ ಪಕ್ಕದಲ್ಲೇ ಚಾಪೆ ಹಾಕಿಕೊಂಡು, ನೋವಿನ ಟ್ರಮಡಾಲ್ ಮಾತ್ರೆ ಕೊಡುವ ಹೊತ್ತಿಗೆ ಅಲಾರಂ ಇಟ್ಟು ಮಲಗುತ್ತಿದ್ದರು. ಒಂದು ದಿನವೂ ಅಲಾರಂ ಅವರನ್ನು ಎಬ್ಬಿಸಲಿಲ್ಲ. ಅದಕ್ಕಿಂತ ಮುಂಚೆಯೇ ಕತ್ತಲಲ್ಲಿ "ಟೈಮ್ ಆಯ್ತೇನೇ?" ಅನ್ನೋ ದನಿ ಕೇಳುತ್ತಿತ್ತು.

ಆ ದಿನ ಡಾಕ್ಟರು ಚೀಟಿಯಲ್ಲಿ ಮಾರ್ಫಿನ್ ಅಂತ ಬರೆದರು, ಅದಕ್ಕಿಂತ ಬಲವಾದ ನೋವಿನ ಔಷಧಿ. "ಇನ್ನು ಇದೇ ಬೇಕು. ಆದರೆ ಎಲ್ಲ ಕಡೆ ಸಿಗಲ್ಲ, ಹುಡುಕಬೇಕು" ಅಂದರು. ದೊಡ್ಡಪ್ಪನನ್ನು ಆಟೋದಲ್ಲಿ ಕೂರಿಸಿ ನಾನೊಬ್ಬನೇ ಮತ್ತೆ ಒಳಗೆ ಹೋದೆ. "ಚಟ ಹತ್ತಿಬಿಟ್ಟರೆ?" ಅಂತ ಕೇಳಿದೆ. ನೋವಿಗೆ ಅಂತಲೇ, ಅಳತೆ ನೋಡಿ ಕೊಟ್ಟರೆ ಆ ಭಯ ತುಂಬಾ ಕಡಿಮೆ ಅಂತ ಅವರು ಸಮಾಧಾನವಾಗಿಯೇ ಹೇಳಿದರು. ತಲೆ ಆಡಿಸಿ ಬಂದೆ. ಆದರೂ ಆ ಚೀಟಿ ನಾಲ್ಕು ದಿನ ನನ್ನ ಅಂಗಿ ಜೇಬಿನಲ್ಲೇ ಇತ್ತು. ಬರೆಯೋಕೆ ನಾಚಿಕೆಯಾಗುತ್ತೆ, ಆದರೂ ಬರೀತೀನಿ. ಎಪ್ಪತ್ತಾರು ವರ್ಷದ, ಮೂಳೆಗೆ ಕ್ಯಾನ್ಸರ್ ಹರಡಿದ ಮನುಷ್ಯನಿಗೆ ಚಟ ಹತ್ತಿಬಿಡುತ್ತೆ ಅಂತ ನಾನು ಹೆದರಿದ್ದೆ. ಮಾರ್ಫಿನ್ ಕೊಟ್ಟರೆ ಕಥೆ ಮುಗಿದ ಹಾಗೆ ಅನ್ನೋ ಇನ್ನೊಂದು ಭಯವೂ ಇತ್ತು. ಆ ನಾಲ್ಕು ರಾತ್ರಿಗೆ ಯಾವ ಕಾಯ್ದೆಯನ್ನೂ ಬೈಯುವ ಹಾಗಿಲ್ಲ. ಅವು ನನ್ನ ಲೆಕ್ಕಕ್ಕೇ ಬರಬೇಕು.

ಐದನೇ ದಿನ, ಶುಕ್ರವಾರ, ಬೆಳಿಗ್ಗೆಯೇ ಹೊರಟೆ. ಮೊದಲ ಮೆಡಿಕಲ್ ಶಾಪಿನವರು ಚೀಟಿ ಓದಿ, ಮಡಚಿ, ಮಡಚಿದ ಚೀಟಿಯನ್ನೇ ವಾಪಸ್ ಕೊಟ್ಟರು. "ಇದನ್ನೆಲ್ಲ ಇಟ್ಕೊಂಡ್ರೆ ತಲೆನೋವು ಸಾರ್. ಲೆಕ್ಕದಲ್ಲಿ ಒಂದು ಮಾತ್ರೆ ಹೆಚ್ಚುಕಮ್ಮಿ ಆದ್ರೂ ಜೈಲು." ಎರಡನೇ ಕಡೆ ಇದ್ದ ಹುಡುಗ ದನಿ ತಗ್ಗಿಸಿ "ಯಾರಿಗೆ?" ಅಂದ. ದೊಡ್ಡಪ್ಪನಿಗೆ ಅಂದೆ. ಅವನ ಕಣ್ಣು ನನ್ನ ಮೊಣಕೈ ಒಳಭಾಗಕ್ಕೆ ಹೋಗಿ ಬಂತು. ಅರ್ಧ ತೋಳಿನ ಅಂಗಿ ಹಾಕಿದ್ದೆ. ಸೂಜಿ ಗುರುತು ಹುಡುಕುತ್ತಿದ್ದಾನೆ ಅಂತ ಗೊತ್ತಾಗೋಕೆ ಒಂದು ಕ್ಷಣ ಹಿಡಿಯಿತು. ನಾಲ್ಕು ದಿನದ ಹಿಂದೆ ದೊಡ್ಡಪ್ಪನ ಬಗ್ಗೆ ನನ್ನ ತಲೆಯಲ್ಲೂ ಹೆಚ್ಚುಕಮ್ಮಿ ಇದೇ ಓಡಿತ್ತಲ್ಲ, ಅವನ ಮೇಲೆ ಕೋಪ ಮಾಡಿಕೊಳ್ಳೋಕೆ ಮುಖ ಇರಲಿಲ್ಲ.

ಆಮೇಲೆ ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ಮಾರ್ಫಿನ್ ಇತ್ತು. ಔಷಧಿ ಕೊಡುವ ಕೋಣೆಯ ಮೂಲೆಯಲ್ಲಿ ಬೂದು ಬಣ್ಣದ ಕಬ್ಬಿಣದ ಬೀರು, ಅದಕ್ಕೆ ಎರಡು ಬೀಗ, ಎರಡು ಬೀಗದ ಕೀ ಇಬ್ಬರ ಹತ್ತಿರ. ಇಬ್ಬರೂ ಇದ್ದರೆ ಮಾತ್ರ ಬಾಗಿಲು ತೆಗೆಯೋದು. ಅವತ್ತು ಒಬ್ಬರು ರಜೆ. "ಒಳಗಿದೆ ಸಾರ್, ಇಲ್ಲ ಅಂತಿಲ್ಲ. ಸೋಮವಾರ ಬನ್ನಿ" ಅಂದರು ಫಾರ್ಮಸಿಸ್ಟ್. ಪಾಪ, ಒಳ್ಳೆಯ ಮನುಷ್ಯ, ರಜೆಯಲ್ಲಿದ್ದವರಿಗೆ ನನ್ನೆದುರೇ ಎರಡು ಸಲ ಫೋನ್ ಮಾಡಿದರು. ಸ್ವಿಚ್ ಆಫ್. ನಾನು ಕೌಂಟರಿನ ಈಚೆ ನಿಂತು ಆ ಬೀರು ನೋಡುತ್ತಾ ನಿಂತೆ. ಆರೇಳು ಹೆಜ್ಜೆ ದೂರ, ಅಷ್ಟೇ. ಶುಕ್ರವಾರದಿಂದ ಸೋಮವಾರಕ್ಕೆ ಮೂರು ರಾತ್ರಿ.

ಅಲ್ಲೇ ಒಬ್ಬ ನರ್ಸ್ ಹೊರಗೆ ಬಂದು, ಬಸ್ಸಿನಲ್ಲಿ ಎರಡೂವರೆ ತಾಸು ದೂರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ರೋಗಿಯ ನೋವು, ಸಂಕಟ ಕಡಿಮೆ ಮಾಡೋ ವಿಭಾಗ ಇದೆ, ರಿಪೋರ್ಟ್ ಎಲ್ಲ ತಗೊಂಡು ಸಂಜೆಯೊಳಗೆ ಹೋಗಿ ಅಂದರು. ರಿಪೋರ್ಟ್ ಕೈಯಲ್ಲೇ ಇತ್ತು. ಹೊರಟೆ.

ದಾರಿಯುದ್ದಕ್ಕೂ ಫೋನಿನಲ್ಲಿ ಓದಿದೆ. ಓದುತ್ತಾ ಹೋದ ಹಾಗೆ ಬೆಳಗಿನಿಂದ ಕಂಡ ಮುಖಗಳೆಲ್ಲ ಅರ್ಥವಾಗುತ್ತಾ ಬಂದವು. ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ, ಬಂದಿದ್ದು 1985ರಲ್ಲಿ. ಅದು ಮಾರ್ಫಿನ್ ಅನ್ನು ರೋಗಿಗಳಿಗೆ ಕೊಡಬೇಡಿ ಅಂತ ಎಲ್ಲೂ ಹೇಳಿಲ್ಲ. 8ನೇ ಸೆಕ್ಷನ್ನಿನಲ್ಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಗೆ ವಿನಾಯಿತಿ ಇದೆ. ಇದಕ್ಕೆಲ್ಲ ಮೂಲವಾದ 1961ರ ಅಂತಾರಾಷ್ಟ್ರೀಯ ಒಪ್ಪಂದದ ಪೀಠಿಕೆಯಲ್ಲೇ, ನೋವು ಕಳೆಯೋಕೆ ಈ ಔಷಧಿಗಳು ಬೇಕೇ ಬೇಕು ಅಂತ ಬರೆದಿದ್ದಾರೆ. ಆದರೆ 1985ರ ಕಾಯ್ದೆಯಲ್ಲಿ ಎಷ್ಟೋ ಅಪರಾಧಗಳಿಗೆ ಕನಿಷ್ಠ ಶಿಕ್ಷೆಯೇ 10 ವರ್ಷ ಇತ್ತು. ಜೊತೆಗೆ ಆಗ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಇಟ್ಟುಕೊಳ್ಳೋಕೆ ಒಂದು ಲೈಸೆನ್ಸ್, ಸಾಗಿಸೋಕೆ ಇನ್ನೊಂದು, ಬೇರೆ ರಾಜ್ಯದಿಂದ ತರಿಸೋಕೆ ಮತ್ತೊಂದು. ವಿನಾಯಿತಿ ಒಂದು ಸಾಲಿನಲ್ಲಿತ್ತು, ಹೆದರಿಕೆ ಪುಟಗಟ್ಟಲೆ ಇತ್ತು. ಆಸ್ಪತ್ರೆಗಳು ಇದರ ಸಹವಾಸವೇ ಬೇಡ ಅಂತ ಬಿಟ್ಟವು. ಕಾಯ್ದೆ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 600 ಕಿಲೊ ಮಾರ್ಫಿನ್ ಬಳಕೆಯಾಗುತ್ತಿತ್ತು, 1997ರ ಹೊತ್ತಿಗೆ ಅದು 18 ಕಿಲೊಗೆ ಇಳಿದಿತ್ತು. ಆ ಸಾಲನ್ನ ಎರಡು ಸಲ ಓದಿದೆ. ಅಷ್ಟರಲ್ಲಿ ಕ್ಯಾನ್ಸರ್ ಏನು ಕಡಿಮೆಯಾಗಿತ್ತಾ?

ಇನ್ನೂ ಹೊಟ್ಟೆ ಉರಿಸಿದ ವಿಷಯ ಒಂದಿದೆ. ಮಾರ್ಫಿನ್ ತೆಗೆಯೋದು ಅಫೀಮಿನಿಂದ. ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಲೈಸೆನ್ಸ್ ಇರುವ ರೈತರು ಗಸಗಸೆ ಗಿಡದ ಕಾಯಿ ಗೀರಿ ಅಂಟು ತೆಗೆಯುತ್ತಾರೆ, ಅದು ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತೆ. ಅಲ್ಲಿಂದ ಬೇರೆ ದೇಶಗಳಿಗೆ ರಫ್ತು ಮಾಡಿಕೊಂಡು ಬಂದಿದ್ದೇವೆ. ನಮ್ಮದೇ ಹೊಲದ ಔಷಧಿ ಹಡಗು ಹತ್ತುತ್ತಿತ್ತು, ಇಲ್ಲಿನವರು ಮೇಜಿನ ಮೇಲೆ ದಿಂಬು ಪೇರಿಸಿಕೊಳ್ಳುತ್ತಿದ್ದರು.

ನಾಲ್ಕೂವರೆಗೆ ಆಸ್ಪತ್ರೆ ತಲುಪಿದೆ. ಪ್ಯಾಲಿಯೇಟಿವ್ ವಿಭಾಗದ ಡಾಕ್ಟರಮ್ಮನಿಗೆ ಅರವತ್ತರ ಹತ್ತಿರದ ವಯಸ್ಸು. ರಿಪೋರ್ಟ್ ಎಲ್ಲ ನೋಡಿ, ಮನೆಗೆ ವಿಡಿಯೋ ಕಾಲ್ ಮಾಡಿಸಿ, ಅದೇ ಪ್ರಶ್ನೆ ಕೇಳಿದರು. "ಒಂಬತ್ತೂವರೆ" ಅಂದರು ದೊಡ್ಡಪ್ಪ. "ಅರ್ಧ ಮಾರ್ಕು ಜಾಸ್ತಿ ಹಾಕಿದ್ದೀನಿ." ಈ ಡಾಕ್ಟರಮ್ಮ ನಗಲಿಲ್ಲ. 10 ಮಿಲಿಗ್ರಾಂ ಮಾತ್ರೆ, ಮೊದಲು ಅರ್ಧ, ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಅಂತ ಕಾಯಬಾರದು, ಗಡಿಯಾರ ನೋಡಿ ಕೊಡಬೇಕು ಅಂತ ಹೇಳಿದರು. ಟ್ರಮಡಾಲ್ ನಿಲ್ಲಿಸಿ. ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಹೋಗುತ್ತೆ. ಮಲಬದ್ಧತೆ ಮಾತ್ರ ಹೋಗಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಕೊಡ್ತೀನಿ, ತಪ್ಪಿಸಬೇಡಿ. ಇದನ್ನ ಮೂರು ಸಲ ಹೇಳಿದರು. ಜನ ಚಟಕ್ಕೆ ಹೆದರ್ತಾರೆ, ಹೆದರಬೇಕಾದ್ದು ಮಲಬದ್ಧತೆಗೆ ಅಂದರು.

ಬೀರುವಿನ ಕಥೆ ಹೇಳಿದೆ. ಅವರಿಗೆ ಏನೂ ಹೊಸದಲ್ಲ. ಅವರು ಕೆಲಸ ಶುರು ಮಾಡಿದ ಕಾಲದಲ್ಲಿ ಒಂದು ಲೈಸೆನ್ಸ್ ಕೈಗೆ ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತಂತೆ, ಎಲ್ಲ ಒಟ್ಟಿಗೆ ಜೀವಂತ ಇರೋ ದಿನ ನೋಡಿ ಮಾತ್ರೆ ತರಿಸಬೇಕಿತ್ತಂತೆ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ 1993ರಲ್ಲಿ ಕಲ್ಲಿಕೋಟೆಯಲ್ಲಿ ಗೆಳೆಯರ ಜೊತೆ ಈ ಪ್ಯಾಲಿಯೇಟಿವ್ ಕೇರ್ ಕೆಲಸ ಶುರು ಮಾಡಿದವರು. ಅವರಂಥವರು ವರ್ಷಾನುಗಟ್ಟಲೆ ದೆಹಲಿಗೆ ಓಡಾಡಿದ ಮೇಲೆ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಈಗ ಮಾರ್ಫಿನ್ ಸೇರಿ ಆರು ಔಷಧಿಗಳು 'ಅಗತ್ಯ ಮಾದಕ ಔಷಧಿ' ಪಟ್ಟಿಯಲ್ಲಿವೆ, ದೇಶಕ್ಕೆಲ್ಲ ಒಂದೇ ನಿಯಮ, ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಸಿಕ್ಕರೆ ಸಾಕು. "ಕಾಗದದ ಮೇಲೆ ಸುಲಭ ಆಗಿದೆ ಕಣಪ್ಪಾ. ಆದ್ರೆ ಒಂದು ತಲೆಮಾರು ಡಾಕ್ಟರುಗಳು ಇದನ್ನ ಬರೆಯದೇನೇ ರಿಟೈರ್ ಆದ್ರು. ಅವರ ಕೈಕೆಳಗೆ ಕಲಿತವರಿಗೆ ಬರೆಯೋಕೆ ಹೇಳಿಕೊಡೋರು ಯಾರು?" ಉಗಾಂಡದಲ್ಲಿ 2004ರಿಂದ ವಿಶೇಷ ತರಬೇತಿ ಪಡೆದ ನರ್ಸ್‌ಗಳೇ ಮಾರ್ಫಿನ್ ಬರೆದುಕೊಡಬಹುದಂತೆ. ಅದನ್ನ ಹೇಳುವಾಗ ಪಕ್ಕದಲ್ಲಿ ನಿಂತಿದ್ದ ನರ್ಸ್ ಕಡೆ ನೋಡಿದರು. ಆಕೆ ಸುಮ್ನೆ ನಕ್ಕು ರಿಜಿಸ್ಟರ್ ತೆರೆದರು.

ಹಾಗಾದ್ರೆ ಈ ಬೀಗ, ರಿಜಿಸ್ಟರ್ ಎಲ್ಲ ಕಿತ್ತು ಹಾಕಿದರೆ ಆಯ್ತಲ್ಲ ಅಂತ ಕೇಳಿದ್ದಕ್ಕೆ ಬೈಸಿಕೊಂಡೆ. ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಅನ್ನೋ, ಮಾರ್ಫಿನ್ ಜಾತಿಯದೇ ನೋವಿನ ಮಾತ್ರೆ ಮಾರುಕಟ್ಟೆಗೆ ಬಂತು, ಚಟದ ಅಪಾಯ ಕಡಿಮೆ ಅಂತ ಡಾಕ್ಟರುಗಳನ್ನು ನಂಬಿಸಿದರು. 2007ರಲ್ಲಿ ಅದನ್ನು ಮಾರುತ್ತಿದ್ದ ಪರ್ಡ್ಯೂ ಕಂಪನಿಯೇ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಬಹಳ ಮನೆ ಹಾಳಾಗಿದ್ದವು. "ಬೀಗ ಬೇಕು. ಕೀ ಇಟ್ಕೊಂಡೋರು ರಜೆ ಹಾಕಿದ್ರೆ ಇನ್ನೊಬ್ಬರ ಕೈಗೆ ಕೊಟ್ಟು ಹೋಗಬೇಕು" ಅಂದರು. ಇಷ್ಟು ಸಣ್ಣ ಮಾತು.

ರಿಜಿಸ್ಟರಿನಲ್ಲಿ ದೊಡ್ಡಪ್ಪನ ಹೆಸರು, ವಯಸ್ಸು, ಮಾತ್ರೆ ಎಷ್ಟು, ಕೊಟ್ಟವರ ಸಹಿ, ತಗೊಂಡವರ ಸಹಿ. ಕೊನೇ ಬಸ್ಸು ಹಿಡಿದು ಮನೆ ಸೇರಿದಾಗ ಹತ್ತೂಕಾಲು. ಅರ್ಧ ಮಾತ್ರೆ ಕೊಟ್ಟೆವು. ಮುಕ್ಕಾಲು ಗಂಟೆ ಕಳೆದ ಮೇಲೆ ದೊಡ್ಡಪ್ಪನ ಭುಜ ಕೆಳಗಿಳಿದದ್ದು ಕಂಡಿತು. ಅಷ್ಟು ದಿನ ಅವರು ಭುಜ ಎತ್ತಿಕೊಂಡೇ ಕೂರುತ್ತಿದ್ದರು ಅಂತ ನನಗೆ ಗೊತ್ತಾಗಿದ್ದೇ ಆವಾಗ. ಎರಡನೇ ಡೋಸ್ ಆದಮೇಲೆ ಮಂಚಕ್ಕೆ ಹೋಗ್ತೀನಿ ಅಂದರು.

ಮೂರನೇ ದಿನಕ್ಕೆ ಮಾತ್ರೆ ಒಂದು ಪೂರ್ತಿ ಆಯಿತು. ನಂಬರ್ ಕೇಳಿದೆ. "ಮೂರು" ಅಂದರು. "ಫೇಲಾಯ್ತು ನೋಡು."

ಅದಾದ ಮೇಲೆ ಏಳು ವಾರ ಇದ್ದರು. ಪೇಪರ್ ಓದಿದರು, ಪಕ್ಕದ ಮನೆ ಹುಡುಗಿಗೆ ತ್ರಿಕೋನಮಿತಿ ಹೇಳಿಕೊಟ್ಟರು, ಒಂದು ಸಲ ಮಲಬದ್ಧತೆ ಔಷಧಿ ತಪ್ಪಿಸಿ ಡಾಕ್ಟರಮ್ಮನಿಂದ ಫೋನಿನಲ್ಲಿ ಚೆನ್ನಾಗಿ ಬೈಸಿಕೊಂಡರು. ಹೋದದ್ದು ಮಂಚದ ಮೇಲೆ, ಮಲಗಿಕೊಂಡೇ.

ಎಲ್ಲ ಕಾರ್ಯ ಮುಗಿದ ಮೇಲೆ ಉಳಿದ ಮಾತ್ರೆಗಳನ್ನು ವಾಪಸ್ ಕೊಡೋಕೆ ಹೋದೆ. ಮನೆಯಲ್ಲಿಟ್ಟುಕೊಳ್ಳಬೇಡಿ ಅಂತ ಮೊದಲ ದಿನವೇ ಹೇಳಿದ್ದರು. ಅದೇ ನರ್ಸ್ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರವಿ ಎಣಿಸಿದರು. ಆಮೇಲೆ ನನ್ನ ಕಡೆ ತಳ್ಳಿ, "ನೀವೂ ಒಂದು ಸಲ ಎಣಿಸಿ" ಅಂದರು. ನಲವತ್ತಾರೂವರೆ. ಅರ್ಧ ಮಾತ್ರೆ ಮೊದಲ ವಾರದ್ದು, ದೊಡ್ಡಮ್ಮ ಕಾಗದದಲ್ಲಿ ಸುತ್ತಿಟ್ಟಿದ್ದರು. ಆ ಅರ್ಧವನ್ನೂ ಬರೆದುಕೊಂಡು, ಸಹಿ ಎಲ್ಲಿ ಮಾಡಬೇಕು ಅಂತ ಬೆರಳಿಟ್ಟು ತೋರಿಸಿದರು.