ಮೆಣಸು ಬೆಳೆಯುವ ಅಪ್ಪ ನ್ಯೂರೆಂಬರ್ಗ್ ನೋಡಿದ್ದು

ಡಿಸೆಂಬರ್ ಅಂದರೆ ಸಿರ್ಸಿ ಕಡೆ ಅಡಿಕೆ ಕೊನೆ ಕೊಯ್ಲಿನ ಹೊತ್ತು. ಆಗ ತೋಟ ಬಿಟ್ಟು ಯಾರೂ ದೂರ ಹೋಗುವುದಿಲ್ಲ. ನನ್ನ ಅಪ್ಪನಂತೂ ಹುಬ್ಬಳ್ಳಿಗೂ ಹೋಗುವವನಲ್ಲ. ಈ ಸಲ ತಮ್ಮ ಎಲ್ಲಾ ತಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದ. ಹಾಗಾಗಿ ಅಪ್ಪ, ಆಯಿ ಇಬ್ಬರೂ ಜರ್ಮನಿಯ ಎರ್ಲಾಂಗನ್‌ನ ನಮ್ಮ ಮನೆಗೆ ಬಂದರು. ಬಂದ ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ವಾಟ್ಸಾಪ್ ಕಾಲ್. ಕೊನೆಗೌಡ ಬಂದನಾ, ಎಷ್ಟು ಮರ ಆಯ್ತು, ಮೋಡ ಇದೆಯಾ. ಅದು ಮುಗಿದ ಮೇಲೆಯೇ ಚಹಾ.

ಮಗಳ ಶಾಲೆಗೆ ರಜೆ ಶುರುವಾದ ಮೇಲೆ, ಕ್ರಿಸ್‌ಮಸ್‌ಗೆ ಸ್ವಲ್ಪ ಮೊದಲು, ಒಂದು ಮಂಗಳವಾರ ನ್ಯೂರೆಂಬರ್ಗ್‌ಗೆ ಹೊರಟೆವು. ನಮ್ಮೂರಿಂದ ರೈಲಿನಲ್ಲಿ ಹತ್ತಿರವೇ. ಐದು ಜನ ಒಂದೇ ಟಿಕೆಟ್‌ನಲ್ಲಿ ಹೋಗಬಹುದಾದ ಬವೇರಿಯಾ ಟಿಕೆಟ್ ಇದೆ, ವಾರದ ದಿನಗಳಲ್ಲಿ ಅದು 9 ಗಂಟೆಯ ನಂತರವೇ ನಡೆಯುತ್ತದೆ. ಅಪ್ಪ ಮಾತ್ರ 7 ಗಂಟೆಗೇ ಮಂಕಿ ಟೋಪಿ ಹಾಕಿ ಬಾಗಿಲ ಹತ್ತಿರ ಕೂತಿದ್ದ. ಆಯಿ ಸೀರೆ ಬಿಡಲಿಲ್ಲ. ಸೀರೆಯ ಒಳಗೆ ಎರಡು ಥರ್ಮಲ್, ಮೇಲೆ ನನ್ನ ಉದ್ದದ ಜಾಕೆಟ್, ಕಾಲಿಗೆ ಹಿಮದ ಬೂಟು. ಹೊರಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ.

ಸ್ಟೇಷನ್‌ನಿಂದ ಹೊರಬಂದರೆ ರಸ್ತೆಯಾಚೆಗೇ ಹಳೇ ಪಟ್ಟಣದ ಕೋಟೆಗೋಡೆ, ದಪ್ಪನೆಯ ದುಂಡು ಗೋಪುರ. ಕೆಂಪು ಮಿಶ್ರಿತ ಕಂದು ಮರಳುಗಲ್ಲು, ನಮ್ಮ ಕಡೆಯ ಚಿರೆಕಲ್ಲಿನ ಹಾಗೆ ಕಾಣುತ್ತದೆ. ಅಪ್ಪ ಕೈಗವಸು ತೆಗೆದು ಕಲ್ಲು ಮುಟ್ಟಿ ನೋಡಿದ. ಆಮೇಲೆ ದಿನವಿಡೀ ಕೇಳಿದ ಪ್ರಶ್ನೆಯನ್ನು ಅಲ್ಲೇ ಮೊದಲ ಸಲ ಕೇಳಿದ.

“ತಂಗಿ, ಇದು ಹಳೇದನಾ, ಹೊಸದನಾ?”

ಬೇರೆ ಊರಿನಲ್ಲಾದರೆ ಸುಮ್ನೆ ಹಳೇದು ಅಂದುಬಿಡಬಹುದು. ನ್ಯೂರೆಂಬರ್ಗ್‌ನಲ್ಲಿ ಅದು ಕಷ್ಟ. 1945ರ ಜನವರಿ 2ರ ರಾತ್ರಿ ಬ್ರಿಟಿಷ್ ವಿಮಾನಗಳು ಹಾಕಿದ ಬಾಂಬಿಗೆ ಹಳೇ ಪಟ್ಟಣದ ನೂರಕ್ಕೆ ಸುಮಾರು 90 ಭಾಗ ನೆಲಸಮ ಆಯಿತು. ಈಗ ಕಾಣುವ ಎಷ್ಟೋ ಗೋಡೆಗಳು ಅಪ್ಪನಿಗಿಂತ ಚಿಕ್ಕವು. ಹಳೇ ಬೀದಿಗಳ ಸಾಲು ಬಿಡದೆ, ಕೆಲವು ಕಟ್ಟಡಗಳನ್ನು ಇದ್ದ ಹಾಗೇ, ಕೆಲವನ್ನು ಸುಮ್ಮನೆ ಇಳಿಜಾರು ಮಾಡು ಹಾಕಿ ಹೊಸದಾಗಿ ಕಟ್ಟಿದರು. ಒಂದೊಂದು ಕಲ್ಲಿಗೂ ಉತ್ತರ ಬೇರೆ. ಪ್ರವಾಸಿಗರು ಈ ಪ್ರಶ್ನೆ ಕೇಳುವುದೇ ಇಲ್ಲ, ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಈ ಊರಿನಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ನನಗೆ ಅನಿಸುತ್ತದೆ.

ಸೇಂಟ್ ಲೊರೆಂಜ್ ಚರ್ಚ್ ಒಳಗೆ ಹೋಗಿದ್ದು ನಿಜ ಹೇಳಬೇಕೆಂದರೆ ಚಳಿ ತಪ್ಪಿಸಿಕೊಳ್ಳಲು. ಒಳಗೂ ಚಳಿಯೇ. ಆದರೆ ಮೇಲಿಂದ ತೂಗುಬಿಟ್ಟ ಮರದ ಕೆತ್ತನೆ ನೋಡಿ ಆಯಿ ಬಹಳ ಹೊತ್ತು ನಿಂತಳು. ಗುಲಾಬಿ ಹಾರದ ನಡುವೆ ಮೇರಿ ಮತ್ತು ದೇವದೂತ. ಫೈಟ್ ಸ್ಟೋಸ್ ಎಂಬ ಶಿಲ್ಪಿ 1517–18ರಲ್ಲಿ ಕೆತ್ತಿದ್ದು. ಇದು ಹಳೇದೇ. ಯುದ್ಧದ ಕಾಲದಲ್ಲಿ ಕೋಟೆ ಗುಡ್ಡದ ಹೊಟ್ಟೆಯೊಳಗಿನ ಕಲ್ಲು ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದರು. ಅವು ಹಿಂದೆ ಬಿಯರ್ ಇಡಲು ಕೊರೆದ ಮಾಳಿಗೆಗಳು. “ಚೊಲೋ ಇದ್ದು” ಅಂದಳು ಆಯಿ. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಅಪ್ಪನಿಗೆ ಬಿಯರ್ ಮಾಳಿಗೆಯ ವಿಷಯ ಜಾಸ್ತಿ ಇಷ್ಟವಾಯಿತು.

ಮುಖ್ಯ ಚೌಕಕ್ಕೆ 12 ಗಂಟೆಯೊಳಗೆ ತಲುಪಬೇಕಿತ್ತು. ಫ್ರೌಎನ್‌ಕಿರ್ಷೆ ಎಂಬ ಚರ್ಚಿನ ಎದುರು ಆಗಲೇ ಎಲ್ಲರೂ ಕತ್ತು ಎತ್ತಿ ನಿಂತಿದ್ದರು. ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಗಡಿಯಾರದ ಕೆಳಗಿನ ಬಾಗಿಲು ತೆರೆದು ಏಳು ಗೊಂಬೆಗಳು ಹೊರಬಂದು, ನಡುವೆ ಕೂತ ಚಕ್ರವರ್ತಿಗೆ ಮೂರು ಸುತ್ತು ಹಾಕುತ್ತವೆ. ಚಕ್ರವರ್ತಿಯನ್ನು ಆರಿಸುವ ಹಕ್ಕು ಏಳು ಜನರಿಗೆ ಎಂದು ಆ ಚಕ್ರವರ್ತಿ, ನಾಲ್ಕನೇ ಚಾರ್ಲ್ಸ್, 1356ರಲ್ಲಿ ಶಾಸನ ಮಾಡಿದ. ಅದರ ನೆನಪಿಗೆ 1509ರಲ್ಲಿ ಕೂರಿಸಿದ ಗೊಂಬೆ ಗಡಿಯಾರ ಇದು. ಮಗಳು ಅಜ್ಜನ ಹೆಗಲ ಮೇಲೆ ಕೂತು ಸುತ್ತು ಎಣಿಸಿದಳು. ಇಳಿದ ಮೇಲೆ ಅಜ್ಜನ ಪ್ರಶ್ನೆ, ಇದಕ್ಕೆ ದಿನಾ ಚಾವಿ ಕೊಡುವವರು ಯಾರು? ಅವಳ ಉತ್ತರ, ಚಕ್ರವರ್ತಿಯೇ ಇಳಿದು ಬಂದು ಕೊಡುತ್ತಾನೆ.

ಇದೇ ಚರ್ಚ್ ಬಗ್ಗೆ ಇನ್ನೊಂದು ವಿಷಯ ಹೇಳದೆ ಇರಲಾಗುವುದಿಲ್ಲ. ಈ ಚೌಕ ಮೊದಲು ಯಹೂದಿಗಳ ಕೇರಿ. 1349ರಲ್ಲಿ ಅವರ ಮೇಲೆ ದಾಳಿ ನಡೆದು 562 ಜನ ಸತ್ತರು. ಮನೆಗಳನ್ನು ಕೆಡವಿ ಮಾರುಕಟ್ಟೆ ಚೌಕ ಮಾಡಿದರು, ಅವರ ಪ್ರಾರ್ಥನಾಮಂದಿರ ಸಿನಗಾಗ್ ಇದ್ದ ಜಾಗದಲ್ಲಿ ಈ ಚರ್ಚ್ ಎದ್ದಿತು. ಅದಕ್ಕೆಲ್ಲ ಒಪ್ಪಿಗೆ ಕೊಟ್ಟವನೂ ಮೇಲೆ ಕೂತು ನಮಸ್ಕಾರ ತೆಗೆದುಕೊಳ್ಳುವ ಇದೇ ಚಾರ್ಲ್ಸ್. ಅಪ್ಪನಿಗೆ ಹೇಳಿದೆ. ಅವನು ಮತ್ತೊಮ್ಮೆ ಮೇಲೆ ನೋಡಿದ, ಏನೂ ಹೇಳಲಿಲ್ಲ. ನಾಜಿಗಳ ಸಭಾ ಮೈದಾನ, ಯುದ್ಧ ಮುಗಿದ ಮೇಲೆ 1945–46ರಲ್ಲಿ ಅವರ ನಾಯಕರ ವಿಚಾರಣೆ ನಡೆದ ಕೋರ್ಟು ಎರಡೂ ಈ ಊರಲ್ಲೇ ಇವೆ. ಏಳು ವರ್ಷದ ಮಗುವನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುವುದು ಬೇಡ ಎಂದು ಮೊದಲೇ ನಿರ್ಧರಿಸಿದ್ದೆವು.

ಚೌಕದ ತುಂಬ ಕ್ರಿಸ್‌ಮಸ್ ಮಾರುಕಟ್ಟೆ. ಮರದ ಅಂಗಡಿಗಳು, ಮೇಲೆ ಕೆಂಪು–ಬಿಳಿ ಪಟ್ಟೆಯ ಬಟ್ಟೆ. 17ನೇ ಶತಮಾನದಿಂದಲೂ ಇದರ ದಾಖಲೆ ಸಿಗುತ್ತದೆ. ಒಣ ಪ್ಲಮ್ ಹಣ್ಣಿನಿಂದ ಮಾಡಿದ ಪುಟ್ಟ ಮನುಷ್ಯರ ಗೊಂಬೆ ಈ ಊರಿನ ವಿಶೇಷ. ಒಂದು ಅಂಗಡಿಯಲ್ಲಿ ವಕೀಲ, ಡಾಕ್ಟರ್, ಚಿಮಣಿ ಗುಡಿಸುವವ ಎಲ್ಲರೂ ಇದ್ದರು. ರೈತ ಸಿಗುತ್ತಾನೋ ಎಂದು ಅಪ್ಪ ಹುಡುಕಿದ.

ಶುದ್ಧ ಸಸ್ಯಾಹಾರಿಗಳಿಗೆ ಇಲ್ಲಿ ಕಣ್ಣಿಗೆ ಹಬ್ಬ, ಹೊಟ್ಟೆಗೆ ಉಪವಾಸ. ಬ್ರೆಡ್ಡಿನೊಳಗೆ ಬೆರಳುದ್ದದ ಮೂರು ಸಾಸೇಜ್ ಇಟ್ಟು ಕೊಡುವುದೇ ಇಲ್ಲಿನ ಮುಖ್ಯ ತಿಂಡಿ, ಅದರ ಹೊಗೆಯಿಂದ ಆಯಿ ಮೂಗಿಗೆ ಸೆರಗು ಹಿಡಿದೇ ನಡೆದಳು. ಬಿಸಿ ಆಲೂಗಡ್ಡೆ ದೋಸೆ ಕಂಡು ಖುಷಿಯಾದಳು. “ಮೊಟ್ಟೆ ಇದ್ದನಾ?” ಇದೆ. ಕೊನೆಗೆ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದ ಬಾದಾಮಿ, ಮತ್ತೆ ನಮ್ಮ ಡಬ್ಬಿಯ ಚಪಾತಿ, ಚಟ್ನಿಪುಡಿ. ಚಪಾತಿ ಅಷ್ಟು ಹೊತ್ತಿಗೆ ಹಪ್ಪಳ ಆಗಿತ್ತು. ಮಕ್ಕಳ ಪಂಚ್ ಎಂದು ಮದ್ಯ ಇಲ್ಲದ ಬಿಸಿ ಹಣ್ಣಿನ ರಸ ಸಿಗುತ್ತದೆ, ಲವಂಗ, ದಾಲ್ಚಿನ್ನಿ ಹಾಕಿ ಕುದಿಸಿದ್ದು. ಚೀನಿಮಣ್ಣಿನ ಮಗ್ಗಿಗೆ ಠೇವಣಿ ಕೊಡಬೇಕು, ಮಗ್ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಈ ಠೇವಣಿ ಪದ್ಧತಿ ಅಪ್ಪನಿಗೆ ಬಹಳ ಹಿಡಿಸಿತು. ಮೂತ್ರಕ್ಕೆ ಹೋಗಲು ಒಂದು ಯೂರೋ ಕೊಡಬೇಕೆಂಬುದು ಮಾತ್ರ ಸಂಜೆಯವರೆಗೂ ಹಿಡಿಸಲಿಲ್ಲ.

ಲೆಬ್‌ಕೂಖನ್ ಅಂಗಡಿ ಮುಂದೆ ಅಪ್ಪ ತಾನಾಗಿಯೇ ನಿಂತ. ಜೇನು, ಬೀಜಗಳು, ಮಸಾಲೆ ಹಾಕಿದ ದುಂಡನೆಯ ಕೇಕಿನಂಥ ಬಿಸ್ಕತ್ತು, ಅಡಿಯಲ್ಲಿ ತೆಳ್ಳನೆ ಬಿಳಿ ಹಾಳೆಯಂಥ ವೇಫರ್. ಅಂಗಡಿಯವಳು ಚೂರು ರುಚಿ ನೋಡಲು ಕೊಟ್ಟಳು. ಮೊಟ್ಟೆ ಇರುವುದಕ್ಕೆ ಅಪ್ಪ ತಿನ್ನಲಿಲ್ಲ, ಮೂಸಿ ನೋಡಿ ಹೇಳುತ್ತಾ ಹೋದ. ಏಲಕ್ಕಿ. ಲವಂಗ. ಜಾಯಿಕಾಯಿ. ಕೊತ್ತಂಬರಿ. ಶುಂಠಿ. “ಇದೆಲ್ಲಾ ನಮ್ಮನೆ ಅಟ್ಟದ ಮೇಲಿನ ಡಬ್ಬಿ ವಾಸ್ನೆ” ಎಂದ. ಗಂಡ ಡಬ್ಬದ ಮೇಲಿನ ಸಾಮಾನಿನ ಪಟ್ಟಿ ಓದಿದ. ಒಂದೂ ತಪ್ಪಿರಲಿಲ್ಲ.

ಅಲ್ಲಿಂದ ಮಾತು ಮೆಣಸಿಗೆ ಬಂತು. ಸುತ್ತಲಿನ ಕಾಡಿನಿಂದ ಜೇನು ಸಿಗುತ್ತಿತ್ತು, ಆದರೆ ಮಸಾಲೆ? ನಮ್ಮ ಕರಾವಳಿ, ಮಲಬಾರಿನ ಕಾಳುಮೆಣಸು ಅರಬ್ಬಿ ಸಮುದ್ರ ದಾಟಿ, ವೆನಿಸ್‌ಗೆ ಬಂದು, ಆಲ್ಪ್ಸ್ ಹತ್ತಿ ಇಳಿದು ನ್ಯೂರೆಂಬರ್ಗ್ ವರ್ತಕರ ಕೈ ಸೇರುತ್ತಿತ್ತು. ಆ ವ್ಯಾಪಾರದ ಲಾಭದಲ್ಲಿ ಈ ಊರು ಶ್ರೀಮಂತವಾಯಿತು. ವಾಸ್ಕೋ ಡ ಗಾಮ ದಾರಿ ಕಂಡುಹಿಡಿದ ಮೇಲೆ ಇವರೂ ಸುಮ್ಮನೆ ಕೂರಲಿಲ್ಲ. 1505ರಲ್ಲಿ ಪೋರ್ಚುಗೀಸರ ಫ್ರಾನ್ಸಿಸ್ಕೊ ಡಿ ಅಲ್ಮೇಡಾನ ನೌಕಾದಳ ಲಿಸ್ಬನ್‌ನಿಂದ ಭಾರತಕ್ಕೆ ಹೊರಟಾಗ ದುಡ್ಡು ಹೂಡಿದ ಜರ್ಮನ್ ವರ್ತಕರಲ್ಲಿ ನ್ಯೂರೆಂಬರ್ಗ್‌ನ ಹಿರ್ಷ್‌ಫೋಗೆಲ್, ಇಮ್‌ಹೋಫ್ ಮನೆತನಗಳೂ ಇದ್ದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಮೇಡಾ ಹೊನ್ನಾವರದ ಮೇಲೆ ಬಿದ್ದು ಅಲ್ಲಿದ್ದ ಹಡಗುಗಳಿಗೆ ಬೆಂಕಿ ಇಟ್ಟ.

“ಹೊನ್ನಾವರ ಅಂದ್ರೆ ನಮ್ಮ ಹೊನ್ನಾವರವೇಯಾ?” ಆಯಿಯ ತವರು ಅದರ ಹತ್ತಿರವೇ. ಹೌದು, ಅದೇ. ಅಪ್ಪ ಲೆಕ್ಕ ಹಾಕಿದ. ಹಾಗಾದರೆ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಗಿಂತ ಎಷ್ಟೋ ಮೊದಲೇ. ಆಯಿ ಸುತ್ತಲಿನ ಕಟ್ಟಡಗಳನ್ನು ಹೊಸದಾಗಿ ಒಮ್ಮೆ ನೋಡಿದಳು. ದುಡ್ಡು ಬಾಕಿ ಇಟ್ಟವರ ಮನೆ ನೋಡುವ ಕಣ್ಣಿನಲ್ಲಿ.

ಚೌಕದ ಮೂಲೆಯ ಎತ್ತರದ ಕಾರಂಜಿಯ ಜಾಲರಿಯಲ್ಲಿ ಒಂದು ಬಳೆ ಇದೆ. ಅದನ್ನು ತಿರುಗಿಸಿದರೆ ಅಂದುಕೊಂಡದ್ದು ಆಗುತ್ತದಂತೆ. ಮಗಳು ತಿರುಗಿಸಿದಳು, ಏನು ಕೇಳಿದಳೆಂದು ಹೇಳಲಿಲ್ಲ. ಕಾರಂಜಿಯ ಮೂಲ 14ನೇ ಶತಮಾನದ್ದು, ಈಗ ನಿಂತಿರುವುದು ನಕಲು. ಮೂಲದ ಚೂರುಗಳು ಮ್ಯೂಸಿಯಂನಲ್ಲಿವೆ. ಈ ನಕಲನ್ನೂ ಯುದ್ಧದಲ್ಲಿ ಕಾಂಕ್ರೀಟ್ ಕವಚ ಕಟ್ಟಿ ಕಾಪಾಡಿದ್ದರು. ನಕಲಿಗೆ ಇಷ್ಟು ಕಾಳಜಿಯಾ ಎಂದು ಗಂಡನಿಗೆ ಆಶ್ಚರ್ಯ.

ಊಟ ಮುಗಿಸಿ ಕೋಟೆ ಗುಡ್ಡ ಹತ್ತಿದೆವು. ಕಲ್ಲು ಹಾಸಿದ ಏರು ರಸ್ತೆ, ಆಯಿಗೆ ಮಂಡಿನೋವು, ಹತ್ತು ಹೆಜ್ಜೆಗೊಮ್ಮೆ ಒಂದು ಅಂಗಡಿ ಕಿಟಕಿ ನೋಡುವ ನೆಪ. ಮೇಲೆ ಹೋದ ಮೇಲೆ ಅರಮನೆ ಕೋಣೆ ಯಾರಿಗೂ ಬೇಡವಾಯಿತು. ಬಾವಿ ನೋಡಬೇಕು ಎಂದ ಅಪ್ಪ.

ಆಳದ ಬಾವಿ ಎಂದೇ ಅದನ್ನು ಕರೆಯುತ್ತಾರೆ. ಸಣ್ಣ ಕಟ್ಟಡದೊಳಗಿದೆ. ಸುಮಾರು 50 ಮೀಟರ್ ಆಳ, ಪೂರ್ತಿ ಬಂಡೆಯಲ್ಲಿ ಕೊರೆದದ್ದು. ಮುತ್ತಿಗೆ ಬಿದ್ದಾಗ ಕೋಟೆಯವರಿಗೆ ಇದೇ ನೀರು. ಗೈಡ್ ಹೆಂಗಸು ಮೊದಲು ಒಂದು ಜಗ್ಗಿನಿಂದ ನೀರು ಸುರಿದಳು. ಎಲ್ಲರೂ ಉಸಿರು ಹಿಡಿದು ಕೇಳಿದರು. ಅಪ್ಪ ಮೆಲ್ಲಗೆ ಒಂದು, ಎರಡು, ಮೂರು ಎಂದು ಎಣಿಸಿದ ಮೇಲೆ ಕೆಳಗಿಂದ ಸದ್ದು ಬಂತು. ಆಮೇಲೆ ಮೇಣದ ಬತ್ತಿಗಳನ್ನು ಹಚ್ಚಿ ತಟ್ಟೆಯಲ್ಲಿಟ್ಟು ಹಗ್ಗದಲ್ಲಿ ಇಳಿಸಿದಳು. ಬೆಳಕು ಇಳಿಯುತ್ತಾ ಇಳಿಯುತ್ತಾ ಚುಕ್ಕಿಯಾಯಿತು. ಅಪ್ಪ ಊರಲ್ಲಿ ಬಾವಿ ತೋಡಿಸಿದವನು, ಬೇಸಿಗೆಯಲ್ಲಿ ಕೆಸರೆತ್ತಲು ತಾನೇ ಇಳಿದವನು. ಕೊರೆದ ಮಣ್ಣು ಕಲ್ಲನ್ನು ಮೇಲೆ ಹೇಗೆ ತಂದರು, ಕೆಳಗಿದ್ದವರಿಗೆ ಉಸಿರಾಟಕ್ಕೆ ಏನು ಮಾಡಿದರು ಎಂದು ಕೇಳಿಸಿದ. ನಾನು ಜರ್ಮನ್‌ಗೆ ಹಾಕಿದೆ. ಗೈಡ್ ಖುಷಿಯಿಂದ ಕೈಯಾಡಿಸಿ ವಿವರಿಸಿದಳು. ನಮ್ಮಿಂದಾಗಿ ಮುಂದಿನ ಗುಂಪು ಹೊರಗೆ ಚಳಿಯಲ್ಲಿ ಕಾಯಬೇಕಾಯಿತು. ಹೊರಗೆ ಬರುವಾಗ ಅಪ್ಪ ನನ್ನನ್ನು ಏನೂ ಕೇಳಲಿಲ್ಲ. “ಇದು ಹಳೇದು” ಎಂದು ತಾನೇ ಹೇಳಿದ.

ಕೋಟೆಯ ಕೆಳಗೆ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1509ರಿಂದ 1528ರಲ್ಲಿ ಸಾಯುವವರೆಗೆ ಇದ್ದ ಮನೆ. ಬಾಂಬಿಗೆ ಉಳಿದುಕೊಂಡ ಅಪರೂಪದ ಮನೆಗಳಲ್ಲಿ ಒಂದು. ಎದುರಿನ ಚೌಕದಲ್ಲಿ ಅವನ ಮೊಲದ ಚಿತ್ರವನ್ನು ಕೆಣಕುವ ಹಾಗೆ 1984ರಲ್ಲಿ ಇಟ್ಟ ಕಂಚಿನ ದೊಡ್ಡ ಮೊಲ ಇದೆ, ಅದರ ಮುಖ ನೋಡಿ ಮಗಳು ನನ್ನ ಜಾಕೆಟ್ ಹಿಂದೆ ಅಡಗಿದಳು. ಪಕ್ಕದ ಅಂಗಡಿಯಲ್ಲಿ ಡ್ಯೂರರ್‌ನ ಘೇಂಡಾಮೃಗದ ಪೋಸ್ಟ್‌ಕಾರ್ಡ್ ತೋರಿಸಿದ ಮೇಲೆ ಸಮಾಧಾನ. ಗುಜರಾತಿನ ಸುಲ್ತಾನ ಕೊಟ್ಟ ಪ್ರಾಣಿ ಅದು, ಗೋವಾದಿಂದ ಹಡಗು ಹತ್ತಿ 1515ರಲ್ಲಿ ಲಿಸ್ಬನ್ ತಲುಪಿತು. ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಬೇರೆಯವರ ವರ್ಣನೆ, ಗೀಚಿದ ಚಿತ್ರ ನೋಡಿ ಮೈಗೆ ಯುದ್ಧಕವಚ ತೊಡಿಸಿದ, ಬೆನ್ನಮೇಲೆ ಇಲ್ಲದ ಪುಟ್ಟ ಕೊಂಬೊಂದನ್ನು ಕೂರಿಸಿದ. ಯುರೋಪಿನವರು ಎಷ್ಟೋ ಕಾಲ ಘೇಂಡಾಮೃಗ ಹಾಗೇ ಇರುತ್ತದೆ ಎಂದು ನಂಬಿದ್ದರು. ಮಗಳು ಆ ಸುಳ್ಳು ಕೊಂಬನ್ನು ಪೆನ್ಸಿಲ್‌ನಿಂದ ಹೊಡೆದು ಹಾಕಿದ್ದಾಳೆ.

ನಾಲ್ಕೂಕಾಲಿಗೆಲ್ಲ ಕತ್ತಲು. ಬೆರಳು ಮರಗಟ್ಟಿತ್ತು. ಆರು ಗಂಟೆಯವರೆಗೆ ತೆರೆದಿರುವ ಜರ್ಮಾನಿಕ್ ರಾಷ್ಟ್ರೀಯ ಮ್ಯೂಸಿಯಂಗೆ ಹೋಗಿ ಆಯಿಯನ್ನು ಹೀಟರ್ ಪಕ್ಕದ ಬೆಂಚಿನಲ್ಲಿ ಕೂರಿಸಿದೆವು. ನಾನು ಅಪ್ಪನಿಗೆ ತೋರಿಸಬೇಕು ಅಂದುಕೊಂಡಿದ್ದು ಒಂದೇ, ಮಾರ್ಟಿನ್ ಬೆಹೈಮ್‌ನ ಭೂಗೋಳ. 1492ರಿಂದ 1494ರ ನಡುವೆ ಈ ಊರಲ್ಲೇ ಮಾಡಿದ್ದು, ಇವತ್ತಿಗೆ ಉಳಿದಿರುವ ಭೂಮಿಯ ಗ್ಲೋಬ್‌ಗಳಲ್ಲಿ ಎಲ್ಲಕ್ಕಿಂತ ಹಳೇದು. ಅದರಲ್ಲಿ ಅಮೆರಿಕ ಇಲ್ಲ. ಕೆಲಸ ಶುರುವಾದಾಗ ಕೊಲಂಬಸ್ ಇನ್ನೂ ವಾಪಸ್ ಬಂದಿರಲಿಲ್ಲ. ಗೋಳದ ಮೇಲೆ ಸಣ್ಣ ಅಕ್ಷರದ ಟಿಪ್ಪಣಿಗಳಿವೆ. ಒಂದು ಟಿಪ್ಪಣಿ ಮಸಾಲೆಯದು. ಪೂರ್ವದ ದ್ವೀಪಗಳಿಂದ ಹೊರಟ ಮಸಾಲೆ ಇಲ್ಲಿಗೆ ಬರುವಷ್ಟರಲ್ಲಿ ಹನ್ನೆರಡು ಕೈ ದಾಟುತ್ತದೆ, ಪ್ರತಿ ಕೈಯೂ ಲಾಭ, ಸುಂಕ ಇಟ್ಟುಕೊಳ್ಳುತ್ತದೆ, ಅದಕ್ಕೇ ಇಷ್ಟು ದುಬಾರಿ ಎಂದು. ಅಪ್ಪ ಎರಡು ಸಲ ಕೇಳಿಸಿಕೊಂಡ. ಹನ್ನೆರಡರಲ್ಲಿ ಬೆಳೆದವನ ಕೈ ಸೇರಿದೆಯಾ ಇಲ್ಲವಾ ಎಂದು ಕೇಳಿದ.

ಸ್ಟೇಷನ್ ಒಳಗಿನ ಸೂಪರ್‌ಮಾರ್ಕೆಟ್‌ನಲ್ಲಿ ಹಾಲು ತೆಗೆದುಕೊಳ್ಳಲು ಹೋದೆ. ತಿರುಗಿ ನೋಡಿದರೆ ಅಪ್ಪ ಮಸಾಲೆ ಸಾಲಿನ ಮುಂದೆ, ಕೈಯಲ್ಲಿ ಪುಟ್ಟ ಗಾಜಿನ ಶೀಶೆ. 50 ಗ್ರಾಂ ಕಾಳುಮೆಣಸು, ಮೂರು ಯೂರೋ. ಫೋನಿನಲ್ಲಿ ಲೆಕ್ಕ ಹಾಕಿಸಿದ. ಕಿಲೋಗೆ ಐದೂವರೆ ಸಾವಿರ ರೂಪಾಯಿಗೂ ಮೇಲೆ. ಸಿರ್ಸಿ ಪೇಟೆಯಲ್ಲಿ ಅವನಿಗೆ ಸಿಗುವುದು ಆರೇಳು ನೂರರ ಆಸುಪಾಸು. ಕಾಳು ಜೊಳ್ಳು ಬೇರೆ ಎಂದ, ಶೀಶೆಯನ್ನು ಬೆಳಕಿಗೆ ಹಿಡಿದು.

ಭಾರತದಲ್ಲಿ ಆಗ ರಾತ್ರಿ ಹನ್ನೊಂದು ಹತ್ತಿರ. ಆದರೂ ಪ್ಲಾಟ್‌ಫಾರಂನಿಂದಲೇ ತಮ್ಮನಿಗೆ ಫೋನ್ ಹೋಯಿತು. ನಿದ್ದೆಗಣ್ಣಲ್ಲಿ ಎತ್ತಿದ ಅವನು ಏನಾಯಿತೋ ಎಂದು ಹೆದರಿದ್ದನಂತೆ.

“ಅಟ್ಟದ ಮೇಲಿನ ಮೆಣಸು ಯಾರಿಗೂ ಕೊಡಡ. ನಾ ಬಂದ ಮೇಲೆ ನೋಡನ.”