ನಂಜುಂಡನ ಬಾಗಿಲು ಮುಚ್ಚಿದ್ದಾಗ

"ಹಕೀಂ ನಂಜುಂಡನ ಊರಿನವರು ನೀವು. ಕಾಯಿಲೆ ವಾಸಿ ಮಾಡುವ ದೇವರ ಬಾಗಿಲನ್ನೇ ಕಾಯಿಲೆ ಮುಚ್ಚಿಸಿಬಿಟ್ಟಿತಲ್ಲ, ಆಮೇಲೂ ನಿಮಗೆ ನಂಬಿಕೆ ಹೇಗೆ ಉಳಿಯಿತು?"

ನಮ್ಮೂರು ನಂಜನಗೂಡು ಅಂದ ಕೂಡಲೇ ಹೀಗೆ ಕೇಳುವವರು ಇವತ್ತಿಗೂ ಇದ್ದಾರೆ. ಕೆಣಕಬೇಕೆಂದು ಕೇಳುವವರು ಕಡಿಮೆ. ಬಹಳಷ್ಟು ಜನ ಕೋವಿಡ್ಡಿನ ಆ ಎರಡು ವರ್ಷದಲ್ಲಿ ತಮ್ಮವರನ್ನು ಕಳೆದುಕೊಂಡವರು. ಅವರನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿಯ ಪೂಜೆಯಿಂದ ವಾಸಿಯಾಯಿತು, ಅವನೇ ದೇವರನ್ನು ಹಕೀಂ ನಂಜುಂಡ ಅಂತ ಕರೆದ ಎಂದು ಊರಲ್ಲಿ ಹೇಳುತ್ತಾರೆ. ಕಪಿಲೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡುವವರನ್ನು ನೋಡುತ್ತಾ ಬೆಳೆದವಳು ನಾನು. ಆ ಬಾಗಿಲು ಮುಚ್ಚಬಹುದು ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ.

2020ರ ಯುಗಾದಿ ಮಾರ್ಚ್ 25ಕ್ಕೆ ಬಂತು. ಲಾಕ್‌ಡೌನಿನ ಮೊದಲ ದಿನವೂ ಅದೇ. ಪಂಚಾಂಗ ಶ್ರವಣಕ್ಕೆ ಹೋಗುವಂತಿರಲಿಲ್ಲ. ಬೇವು ಬೆಲ್ಲ ತಿಂದು ಮನೆಯಲ್ಲೇ ಪಂಚಾಂಗ ತೆರೆದು ಓದಿಕೊಂಡೆವು. ಶಾರ್ವರಿ ನಾಮ ಸಂವತ್ಸರ. ಶಾರ್ವರಿ ಎಂದರೆ ರಾತ್ರಿ. ಅದನ್ನು ಓದಿದಾಗ ಯಾರೂ ಏನೂ ಮಾತಾಡಲಿಲ್ಲ. ಅದೇ ವಾರ ಊರಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಇದೆಯೆಂದು ಗೊತ್ತಾಯಿತು, ನೋಡನೋಡುತ್ತಿದ್ದಂತೆ ಇಡೀ ರಾಜ್ಯವೇ ನಂಜನಗೂಡಿನ ಹೆಸರು ಕೇಳಿ ಬೆಚ್ಚುವಂತಾಯಿತು. ಕಾರ್ಖಾನೆಗೆ ಹೋಗುತ್ತಿದ್ದವರ ಮನೆಬಾಗಿಲಿಗೆಲ್ಲ ಕ್ವಾರಂಟೈನ್ ಚೀಟಿ. ಆ ವರ್ಷ ದೊಡ್ಡ ಜಾತ್ರೆ ನಡೆಯಲಿಲ್ಲ. ಐದು ತೇರೂ ನಿಂತಲ್ಲೇ ನಿಂತವು.

ನಮ್ಮದೊಂದು ಸಣ್ಣ ಭಜನಾ ಮಂಡಳಿ, ಹನ್ನೊಂದು ಹೆಂಗಸರು. ಪ್ರತಿ ಸೋಮವಾರ ಸಂಜೆ ಸೇರುತ್ತಿದ್ದೆವು. ಅರ್ಧದಷ್ಟು ಜನರ ಕೈಯಲ್ಲಿ ಒತ್ತುವ ಬಟನ್ನಿನ ಫೋನು, ವಾಟ್ಸಾಪ್ ಇಲ್ಲ, ವಿಡಿಯೊ ಇಲ್ಲ. ಹಾಗಾಗಿ ಕಾನ್ಫರೆನ್ಸ್ ಕಾಲ್. ಒಂದು ಕಾಲಿಗೆ ಆರೇ ಜನ ಹಿಡಿಸುತ್ತಿದ್ದರಿಂದ ಎರಡು ಗುಂಪು ಮಾಡಿಕೊಂಡೆವು. ಮೊದಲ ದಿನ ಎಂದಿನಂತೆ ಒಟ್ಟಿಗೆ ಹಾಡಲು ಹೋದರೆ ಬರೀ ಗದ್ದಲ. ಒಬ್ಬರ ದನಿ ಇನ್ನೊಬ್ಬರಿಗೆ ಅರೆಗಳಿಗೆ ತಡವಾಗಿ ಮುಟ್ಟುತ್ತಿತ್ತು. ಆರು ಮನೆಯ ತಾಳ ಆರು ದಿಕ್ಕಿಗೆ. ಕೊನೆಗೆ ಒಬ್ಬರಿಗೆ ಒಂದು ಸಾಲು ಎಂದು ಹಂಚಿಕೊಂಡೆವು. ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು.

ನಾವೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದವರು ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಹಾಡಿದವರು. ಅವರ ದನಿ ಹೇಗಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ ಎಂದು ಗೊತ್ತಾಗಿದ್ದು ಆಗಲೇ. ಸ್ವಲ್ಪ ಒಡಕು, ಸಾಲಿನ ಕೊನೆಯಲ್ಲಿ ತೆಳ್ಳಗೆ ಏರುವ ದನಿ. ಹಾಡಿ ಮುಗಿಸಿ, "ನಂದಾಯ್ತು ಕಣಮ್ಮ, ಮುಂದಿನೋರು ಹೇಳಿ" ಎನ್ನುತ್ತಿದ್ದರು. ಹಿಂದೆ ಯಾರ ಮನೆಯಲ್ಲೋ ಕುಕ್ಕರಿನ ಸೀಟಿ, ಯಾರದೋ ಮೊಮ್ಮಗು ಅಳು. ಸೋಮವಾರಕ್ಕಿದ್ದ ಭಜನೆ ದಿನಾ ಸಂಜೆ ಆರೂವರೆಗೆ ಆಯಿತು. ಯಾರಾದರೂ ಫೋನ್ ಎತ್ತದಿದ್ದರೆ ಹಾಡು ಶುರುವಾಗುತ್ತಿರಲಿಲ್ಲ. ಮೊದಲು ಅವರಿಗೆ ಏನಾಯಿತೆಂದು ತಿಳಿಯಬೇಕು.

ಒಂದು ಸಂಜೆ ಒಬ್ಬಾಕೆ ಎತ್ತಲಿಲ್ಲ. ಅವರ ಮಗ ಕಾರ್ಖಾನೆಗೆ ಹೋಗುತ್ತಿದ್ದವನು, ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು, ಹಾಲಿನವನು ಆ ಬೀದಿಗೇ ಬರುವುದನ್ನು ನಿಲ್ಲಿಸಿದ್ದ. ನಮ್ಮ ಮನೆಗೂ ಅವರ ಮನೆಗೂ ನೂರು ಹೆಜ್ಜೆ. ಎರಡು ದಿನ ನಾನು ಆ ಕಡೆ ಹೋಗಲಿಲ್ಲ, ಭಯವಾಗಿತ್ತು. ಮೂರನೆಯ ದಿನ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು ಹೋಗಿ ಅವರ ಕಾಂಪೌಂಡಿನ ಮೇಲಿಟ್ಟು ದೂರ ನಿಂತೆ. ಅಲ್ಲಿ ಆಗಲೇ ಒಂದು ಸ್ಟೀಲ್ ಡಬ್ಬಿ ಇತ್ತು, ಮೇಲೆ ಬಾಳೆಲೆ ಮುಚ್ಚಿ ಕಲ್ಲಿಟ್ಟಿತ್ತು. ಎದುರು ಮನೆಯ ಸಾಬರ ಮನೆಯಾಕೆ ಮೊದಲ ದಿನದಿಂದಲೇ ಊಟ ಇಟ್ಟು ಹೋಗುತ್ತಿದ್ದರಂತೆ. ಅವರ ಮಸೀದಿಯೂ ಮುಚ್ಚಿತ್ತು, ಆ ಸಲದ ರಂಜಾನ್ ತಿಂಗಳ ತರಾವೀಹ್ ನಮಾಜನ್ನೂ ಮನೆಯಲ್ಲೇ ಮಾಡಿದರು. ಆ ದಿನಗಳಲ್ಲಿ ಅವರ ಜನದ ಬಗ್ಗೆ ಫೋನಿನಿಂದ ಫೋನಿಗೆ ಎಂತೆಂಥ ಮಾತು ಓಡಾಡುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತು. ಆಕೆಗೂ ಗೊತ್ತಿತ್ತು. ಆದರೂ ಡಬ್ಬಿ ಬರುವುದು ನಿಲ್ಲಲಿಲ್ಲ.

ಜಾತ್ರೆಯಲ್ಲಿ ಪಾನಕ, ಮಜ್ಜಿಗೆ ಹಂಚಲೆಂದು ಮಂಡಳಿಯ ಹುಂಡಿಯಲ್ಲಿ ಎಂಟು ಸಾವಿರ ಚಿಲ್ಲರೆ ಕೂಡಿಟ್ಟಿದ್ದೆವು. ಅದನ್ನು ದೇವಸ್ಥಾನದ ಮುಂದೆ ಹೂವು, ಬಿಲ್ವಪತ್ರೆ ಮಾರುವವರಿಗೆ ಅಕ್ಕಿ ಬೇಳೆ ಕೊಡಿಸಲು ಖರ್ಚು ಮಾಡಿದೆವು. ದೇವರ ದುಡ್ಡು ಎಂದು ಒಬ್ಬರು ಅನುಮಾನಿಸಿದರು. ದೊಡ್ಡಮ್ಮ, "ಅವ್ರು ಕಟ್ಟಿದ ಹೂವ್ನೇ ಅಲ್ವಾ ಅವ್ನು ಇಷ್ಟು ದಿನ ಮುಡ್ಕೊಂಡಿದ್ದು" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಪ್ರಾರ್ಥಿಸಿದ್ದರಿಂದ ನಾವು ಉಳಿದೆವು ಎಂದು ನಾನು ಯಾರಿಗೂ ಹೇಳಲಾರೆ. ಶಾರ್ವರಿಯ ನಂತರ ಬಂದದ್ದು ಪ್ಲವ, ಅಂದರೆ ತೆಪ್ಪ. ದಾಟಿಸುತ್ತದೆ ಎಂದುಕೊಂಡಿದ್ದೆವು. 2021ರ ಮೇ ತಿಂಗಳ ಎರಡನೆಯ ಅಲೆಯಲ್ಲಿ ಮಂಡಳಿಯ ಇಬ್ಬರು ಹೋದರು. ದೊಡ್ಡಮ್ಮ ಅವರಲ್ಲೊಬ್ಬರು. ಮುಖ ನೋಡಲೂ ಆಗಲಿಲ್ಲ. ಅವರನ್ನು ಏಕೆ ಉಳಿಸಲಿಲ್ಲ ಎಂದು ನಂಜುಂಡನನ್ನು ನಾನೂ ಕೇಳಿದ್ದೇನೆ, ಇನ್ನೂ ಕೇಳುತ್ತೇನೆ. ಕೇಳಲು ಅವನು ಬೇಕು ಅನ್ನಿಸುತ್ತದಲ್ಲ, ನನ್ನ ನಂಬಿಕೆ ಸದ್ಯಕ್ಕೆ ಅಷ್ಟು.

ಅದು ಎಲ್ಲಿ ಉಳಿಯಿತು ಎಂದು ಕೇಳಿದರೆ ನನಗೆ ನೆನಪಾಗುವುದು ಮೊದಲ ವರ್ಷದ ಜೂನ್ ತಿಂಗಳು. ರಾಜ್ಯದಲ್ಲಿ ದೇವಸ್ಥಾನಗಳನ್ನು ತೆರೆಯಲು ಬಿಟ್ಟದ್ದು ಜೂನ್ 8ಕ್ಕೆ, ಸೋಮವಾರವೇ. ತೀರ್ಥವಿಲ್ಲ, ಪ್ರಸಾದವಿಲ್ಲ, ಗಂಟೆ ಮುಟ್ಟುವಂತಿಲ್ಲ. ಅರವತ್ತೈದು ದಾಟಿದವರು ಮನೆಯಲ್ಲೇ ಇರಬೇಕು. ಹಾಗಾಗಿ ಬಾಗಿಲು ತೆರೆದರೂ ದೊಡ್ಡಮ್ಮನಂಥವರು ಹೋಗುವಂತಿರಲಿಲ್ಲ. ಅವಕಾಶವಾದ ಮೊದಲ ಸೋಮವಾರ ನಾನು ಹೋದೆ. ದೇವರ ಮುಂದೆ ನಿಂತವಳಿಗೆ ಕಣ್ಣೀರು ಬಂತು, ಕಣ್ಣು ಮುಚ್ಚಿ ಕೈಮುಗಿದೆ, ಅಷ್ಟರಲ್ಲಿ ಮುಂದೆ ನಡೆಯಿರಿ ಎಂದರು.

ಸಂಜೆ ಆರೂವರೆಗೆ ಫೋನು. ಯಾರೂ ಹಾಡಲು ತಯಾರಿಲ್ಲ. "ಹೆಂಗಿತ್ತಮ್ಮ ಅಲಂಕಾರ? ಯಾವ ಹೂವು ಹಾಕಿದ್ರು? ಬಿಲ್ವ ಇತ್ತಾ? ಅಮ್ಮನೋರಿಗೆ ಯಾವ ಬಣ್ಣದ ಸೀರೆ?" ದೊಡ್ಡಮ್ಮ ಒಂದೊಂದಾಗಿ ಕೇಳುತ್ತಾ ಹೋದರು. ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ ಎಂದೆ.

"ಹೋಗ್ಲಿ ಬಿಡು, ಬರೋ ವಾರ ನೋಡ್ಕೊಂಡು ಬಾ" ಎಂದರು.

ಮುಂದಿನ ಸೋಮವಾರ ಮತ್ತೆ ಹೋದೆ. ಕಣ್ಣು ಮುಚ್ಚಲಿಲ್ಲ.