ಕಾಶೀನಾಥ್ ಅಂದ್ರೆ ಡಬಲ್ ಮೀನಿಂಗ್ ಅಷ್ಟೇನಾ?

ಕನ್ನಡದ ನಟ, ನಿರ್ದೇಶಕ ಕಾಶೀನಾಥ್ ನನಗೆ ತುಂಬಾ ಇಷ್ಟ ಎಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. "ಅಯ್ಯೋ, ಆ ಡಬಲ್ ಮೀನಿಂಗ್ ಸಿನಿಮಾ ಮಾಡ್ತಿದ್ರಲ್ಲ, ಅವರಾ? ಅದರಲ್ಲಿ ಏನಿದೆ ಅಂತ ಇಷ್ಟ?" 2018ರ ಜನವರಿ 18ರಂದು ಅವರು ಕ್ಯಾನ್ಸರ್‌ನಿಂದ ತೀರಿಕೊಂಡ ದಿನ ಕೂಡ ಒಬ್ಬ ಗೆಳೆಯ ಇದನ್ನೇ ಕೇಳಿದ. ಆವತ್ತು ವಾದ ಮಾಡುವ ಮನಸ್ಸಿರಲಿಲ್ಲ. ಈಗ ಹೇಳುತ್ತೇನೆ.

ಆ ಕಾಲದ ಹೀರೊಗಳನ್ನು ನೆನೆಸಿಕೊಳ್ಳಿ. ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಷ್. ಅವರ ನಡುವೆ ಕಾಶೀನಾಥ್ ಬಂದರು. ತೆಳ್ಳಗಿನ ಮೈ, ಸಾದಾ ಮುಖ, ತಡವರಿಸುವ ಮಾತು. ಹುಡುಗಿಯ ಎದುರು ನಿಂತರೆ ಕೈ ಎಲ್ಲಿಡಬೇಕೆಂದು ಗೊತ್ತಾಗದವನು. ಬಸ್ಸಿನಲ್ಲಿ ನಮ್ಮ ಪಕ್ಕ ಕೂರುವ ಗಂಡಸು ಇರುವುದೇ ಹಾಗೆ ಅಲ್ವಾ? ಅವನನ್ನೇ ಹೀರೊ ಮಾಡಿದರು.

1984ರ 'ಅನುಭವ' ನೋಡಿ. ಹಿರಿಯರ ಬಲವಂತಕ್ಕೆ ಮದುವೆ ಆಗುತ್ತದೆ. ಹೆಂಡತಿಯ ಮನಸ್ಸು ಇನ್ನೂ ಮಗುವಿನದು, ಮದುವೆ ಎಂದರೇನೆಂದೇ ಅವಳಿಗೆ ಗೊತ್ತಿಲ್ಲ. ಗಂಡನಿಗೆ ಕಾಯುವ ತಾಳ್ಮೆಯಿಲ್ಲ. ಅವನು ಇನ್ನೊಬ್ಬಳ ಕಡೆ ವಾಲುತ್ತಾನೆ. ಆ ಇನ್ನೊಬ್ಬಳಾಗಿ ನಟಿಸಿದವರು ಉಮಾಶ್ರೀ. ಅವರನ್ನು ಸಿನಿಮಾ ನೋಡುವ ಜನ ಗುರುತಿಸಿದ್ದೇ ಈ ಪಾತ್ರದಿಂದ. ಥಿಯೇಟರಿನಲ್ಲಿ ಜನ ನಕ್ಕರು, ನಿಜ. ಆದರೆ ಹೇಳಿ, ಆ ನಗು ಯಾರ ಮೇಲೆ? ಆ ಹುಡುಗಿಯ ಮೇಲೆ ಮಾತ್ರ ಅಲ್ಲ. ಎಲ್ಲ ಬಲ್ಲೆ ಎಂದುಕೊಂಡ ಗಂಡಸಿನ ಪರದಾಟದ ಮೇಲೂ ಹೌದು. ವಯಸ್ಸಿಗೆ ಮೊದಲೇ ಮದುವೆ ಮಾಡಿ ಕೈ ತೊಳೆದುಕೊಳ್ಳುವ ಹಿರಿಯರ ಮೇಲೂ ಹೌದು. ಮೊದಲ ರಾತ್ರಿಯ ಬಗ್ಗೆ ಮನೆಯಲ್ಲಿ ಒಬ್ಬರೂ ಒಂದು ಮಾತೂ ಹೇಳದಿದ್ದ ಕಾಲ ಅದು.

ಡಬಲ್ ಮೀನಿಂಗ್ ಏನು ಅವರೇ ಕಂಡುಹಿಡಿದದ್ದಾ? ನಮ್ಮ ಮದುವೆ ಮನೆಗಳಲ್ಲಿ ಬೀಗರನ್ನು ಛೇಡಿಸಿ ಹಾಡುವ ಹೆಂಗಸರನ್ನು ಕೇಳಿದ್ದೀರಾ? ನೇರವಾಗಿ ಹೇಳಲು ಆಗದ್ದನ್ನು ಸುತ್ತಿ ಬಳಸಿ ಹೇಳಿ ನಗಿಸುವುದು ನಮ್ಮಲ್ಲಿ ಹಳೆಯದು. ಹಾಗಂತ ಅವರು ಮಾಡಿದ್ದೆಲ್ಲ ಚೆನ್ನಾಗಿತ್ತು ಎನ್ನುವುದಿಲ್ಲ. ನಂತರದ ಕೆಲವು ಸಿನಿಮಾಗಳಲ್ಲಿ ಹೆಣ್ಣಿನ ಮೈಯೇ ತಮಾಷೆಯಾಗಿದೆ. ಅವನ್ನು ಇವತ್ತು ನೋಡುವಾಗ ನನಗೆ ಕಸಿವಿಸಿ ಆಗುತ್ತದೆ. ಆದರೆ 1988ರ 'ಅವಳೇ ನನ್ನ ಹೆಂಡ್ತಿ'ಯನ್ನು ಆ ಸಾಲಿಗೆ ಸೇರಿಸಬೇಡಿ. ಅದನ್ನು ನಿರ್ದೇಶಿಸಿದವರು ಬೇರೆ, ಇವರು ಅದರಲ್ಲಿ ಹೀರೊ. ನಗಿಸುತ್ತಲೇ ವರದಕ್ಷಿಣೆಯ ಮೇಲೆ ಕೈಯಿಟ್ಟ ಸಿನಿಮಾ. ಆಮೇಲೆ ಆಮೀರ್ ಖಾನ್ ನಟನೆಯಲ್ಲಿ ಹಿಂದಿಗೂ ಹೋಯಿತು.

ಕಾಮಿಡಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ ಎನ್ನುವವರು ಅವರೇ ನಿರ್ದೇಶಿಸಿದ 1978ರ 'ಅಪರಿಚಿತ' ನೋಡಿಲ್ಲ ಎಂದೇ ಅರ್ಥ. ಇಂಥ ಬಿಗಿಯಾದ ಸಸ್ಪೆನ್ಸ್ ಕನ್ನಡದಲ್ಲಿ ಕಡಿಮೆ. 'ಸವಿ ನೆನಪುಗಳು ಬೇಕು' ಹಾಡು ಆ ಸಿನಿಮಾದ್ದು ಎಂದರೆ ಎಷ್ಟೋ ಜನ ನಂಬುವುದಿಲ್ಲ.

ಇನ್ನೊಂದು ಮಾತು. ಉಪೇಂದ್ರ ಕೆಲಸ ಕಲಿತದ್ದು ಇವರ ಹತ್ತಿರ. ಸಂಗೀತ ನಿರ್ದೇಶಕ ವಿ. ಮನೋಹರ್ ಕೂಡ ಇದೇ ಗರಡಿಯಿಂದ ಬಂದವರು. ಹೊಸಬರನ್ನು ಹತ್ತಿರ ಬಿಟ್ಟುಕೊಂಡು ಬೆಳೆಸುವವರು ಎಷ್ಟು ಮಂದಿ ಇರುತ್ತಾರೆ ಹೇಳಿ?

2017ರ 'ಚೌಕ'ದಲ್ಲಿ ಅವರು ಅಪ್ಪನ ಪಾತ್ರ ಮಾಡಿದರು. ಟಿವಿಯಲ್ಲಿ 'ಅನುಭವ' ಬಂದರೆ ತಟ್ಟನೆ ಚಾನೆಲ್ ಬದಲಿಸುತ್ತಿದ್ದ ನಮ್ಮ ಚಿಕ್ಕಮ್ಮ, ಅದರ ಅಪ್ಪ–ಮಗಳ ಹಾಡು ಬಂದಾಗ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ಇವರು ಆ ಕಾಶೀನಾಥ್ ಏನೋ?" ಎಂದು ನನ್ನನ್ನು ಕೇಳಿದರು. ಹೌದು ಚಿಕ್ಕಮ್ಮ, ಅವರೇ ಎಂದೆ.

ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ: ಮೊದಲು 'ಅಪರಿಚಿತ' ನೋಡಿ, ಆಮೇಲೆ 'ಅನುಭವ'. ಆದರೆ 'ಅನುಭವ'ವನ್ನು ಮನೆಯವರ ಜೊತೆ ಕೂತು ನೋಡಿ.